ಚಾರಿಟಿ ರನ್‌ಗೆ ಹೆಸರು ಕೊಟ್ಟಿದ್ದೇನೆ. 10 ಕಿ.ಮೀ. ಪೂರ್ತಿ ಓಡದೆ ಮಧ್ಯೆ ನಡೆದರೆ ದುಡ್ಡು ಕೊಟ್ಟವರಿಗೆ ಮೋಸ ಮಾಡಿದಂತೆ ಆಗಲ್ವಾ?

ಆಗಲ್ಲ. ಇದೇ ಯೋಚನೆ ತಲೆಯಲ್ಲಿಟ್ಟುಕೊಂಡು ಕಬ್ಬನ್ ಪಾರ್ಕಿನಲ್ಲಿ ಓಡಿ ಕಾಲು ಕೆಡಿಸಿಕೊಂಡವನು ನಾನು. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಮಕ್ಕಳ ಶಾಲೆಯೊಂದಕ್ಕೆ ದುಡ್ಡು ಸೇರಿಸುವ ಓಟ ಅದು. ಆಫೀಸಿನವರನ್ನು, ನೆಂಟರನ್ನು "ನಾನು ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಕೊಡಿ" ಎಂದು ಕೇಳಿಕೊಂಡಿದ್ದೆ. ನಾನು ಎಡವಿದ್ದು ಇಲ್ಲೇ. ಹಾಗೆ ಮಾತಾಡಿಕೊಂಡ ಮೇಲೆ, ನಡೆದ ಪ್ರತಿ ಹೆಜ್ಜೆಗೂ ಮಕ್ಕಳ ದುಡ್ಡು ಸೋರಿ ಹೋಗುತ್ತಿದೆ ಅನಿಸತೊಡಗಿತು. ಓಟದ ದಿನ ಬಿಡಿ, ಅಭ್ಯಾಸದಲ್ಲೂ ನಡೆಯಲು ಮನಸ್ಸು ಬರಲಿಲ್ಲ. ದಿನಾ ಬೆಳಗ್ಗೆ ಸೆಂಟ್ರಲ್ ಲೈಬ್ರರಿಯ ಕೆಂಪು ಕಟ್ಟಡದ ಹತ್ತಿರ ಶುರು ಮಾಡಿ, ಬ್ಯಾಂಡ್‌ಸ್ಟ್ಯಾಂಡ್ ಕಡೆಗೆ, ಅಲ್ಲಿಂದ ಮತ್ತೆ ವಾಪಸ್ಸು, ಎಲ್ಲಾ ಡಾಂಬರು ರಸ್ತೆಯಲ್ಲೇ. ಪಕ್ಕದಲ್ಲೇ ಮಣ್ಣಿನ ದಾರಿ ಇತ್ತು. ಅಲ್ಲಿ ವೇಗ ಬರಲ್ಲ ಅಂತ ಬಿಟ್ಟುಬಿಟ್ಟೆ.

ಕೆಲವೇ ವಾರದಲ್ಲಿ ಏದುಸಿರು ನಿಂತಿತು. ದಮ್ಮು ಬಂತು, ಇನ್ನೇನು ತೊಂದರೆಯಿಲ್ಲ ಅಂದುಕೊಂಡೆ. ಆದರೆ ಉಸಿರು ಪಳಗಿದಷ್ಟು ಬೇಗ ಮೂಳೆ ಪಳಗಲ್ಲ. ಹೊಸ ಭಾರ ಬಿದ್ದಾಗ ದೇಹ ಮೊದಲು ಮೂಳೆಯ ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ನಿಧಾನವಾಗಿ ಹೊಸದನ್ನು ಕಟ್ಟುತ್ತದೆ. ಕಟ್ಟಿ ಮುಗಿಯಲು ತಿಂಗಳುಗಳೇ ಬೇಕು. ಅಂದರೆ ಓಡಲು ಶುರು ಮಾಡಿದ ಕೆಲವು ವಾರಗಳಿಗೆ, ನಮಗೆ ಹುರುಪು ಜಾಸ್ತಿ ಇರುವ ಹೊತ್ತಿಗೇ, ಮೂಳೆ ಮೊದಲಿಗಿಂತ ದುರ್ಬಲವಾಗಿರಬಹುದು. ನನ್ನ ಕಣಕಾಲು ಮೊದಲು ಉದ್ದಕ್ಕೂ ನೋಯುತ್ತಿತ್ತು. ಆಮೇಲೆ ನೋವು ಒಂದೇ ಕಡೆ ಬಂದು ನಿಂತಿತು. ಹೆಬ್ಬೆರಳಿಟ್ಟು ಒತ್ತಿದರೆ ಜೀವ ಹೋಗುವಷ್ಟು. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ, ಅದೇ ಧೈರ್ಯದ ಮೇಲೆ ಮತ್ತೆ ಓಡಿದೆ. ಎಂಆರ್‌ಐ ಮಾಡಿಸಿದಾಗ ಮೂಳೆಯಲ್ಲಿ ಸಣ್ಣ ಬಿರುಕು ಇರುವುದು ಗೊತ್ತಾಯಿತು. ಇಂಥ ಬಿರುಕು ಶುರುವಿನಲ್ಲಿ ಎಕ್ಸ್-ರೇಗೆ ಸಿಗದೇ ಇರುವುದೇ ಹೆಚ್ಚಂತೆ. ಓಟದ ದಿನ ನಾನು ಮನೆಯಲ್ಲಿದ್ದೆ.

ದುಡ್ಡು ಕೊಡುತ್ತೇವೆ ಅಂದವರಲ್ಲಿ ಒಬ್ಬರೂ ಹಿಂದೆ ಸರಿಯಲಿಲ್ಲ. ಅವರು ಕೊಟ್ಟಿದ್ದು ಶಾಲೆಗೆ, ನನ್ನ ಕಾಲಿಗಲ್ಲ. ನಿಮಗೆ ಕೊಡುವವರೂ ಅಷ್ಟೇ. ನೀವು ಎಷ್ಟು ನಿಮಿಷಕ್ಕೆ ಮುಗಿಸಿದಿರಿ ಅಂತ ಯಾರೂ ಲೆಕ್ಕ ಇಡಲ್ಲ. ಹಾಗಾಗಿ ಓಡಬೇಕೋ ನಡೆಯಬೇಕೋ ಅನ್ನುವ ಪ್ರಶ್ನೆಯನ್ನೇ ಬಿಡಿ. ಎರಡನ್ನೂ ಮಾಡಿ, ಅದೂ ಮೊದಲ ದಿನದಿಂದಲೇ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯಬೇಕು. ಓಡುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಆಗದಿದ್ದರೆ ನೀವು ಜೋರಾಗಿ ಹೋಗುತ್ತಿದ್ದೀರಿ. ದಿನ ಬಿಟ್ಟು ದಿನ ಸಾಕು. ಕಬ್ಬನ್ ಪಾರ್ಕ್ ಹತ್ತಿರವಿದ್ದರೆ ಉದ್ದದ ಓಟವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ, ಅವತ್ತು ಒಳಗೆ ವಾಹನ ಬಿಡಲ್ಲ. ಬಿದಿರಿನ ಮೆಳೆಗಳ ಕಡೆಯ ಮಣ್ಣಿನ ದಾರಿಯನ್ನೂ ಬಳಸಿಕೊಳ್ಳಿ. ಒಂದೇ ಜಾಗದಲ್ಲಿ ಮೂಳೆ ನೋವು ಕಂಡರೆ ಅವತ್ತೇ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ. ದುಬಾರಿ ಶೂ ಆಮೇಲೆ ನೋಡೋಣ.

ಇನ್ನು ದುಡ್ಡಿನ ವಿಷಯ. ಕಿಲೋಮೀಟರ್ ಲೆಕ್ಕ ಹಾಕಬೇಡಿ, ಒಟ್ಟು ಮೊತ್ತ ಕೇಳಿ, ಅದನ್ನೂ ಓಟಕ್ಕೆ ಮುಂಚೆಯೇ ಸಂಸ್ಥೆಗೆ ನೇರವಾಗಿ ಹಾಕಿಸಿ. ಸಂಸ್ಥೆಗೆ ದೇಣಿಗೆಯ ಆದಾಯ ತೆರಿಗೆ ನೋಂದಣಿ (ಜನ 80ಜಿ ಅನ್ನುವುದು) ಇದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಕೊಟ್ಟ ದುಡ್ಡಿನ ಮೇಲೆ ತೆರಿಗೆ ವಿನಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಅದು ಸಿಗಲ್ಲ. ಯುಪಿಐನಲ್ಲೋ ಚೆಕ್‌ನಲ್ಲೋ ಕೊಡಲು ಈಗಲೇ ಹೇಳಿಬಿಡಿ.