ಸಿವಿಲ್‌ನವರು ಫೆಸಿಲಿಟಿ ಮ್ಯಾನೇಜ್‌ಮೆಂಟ್ ಎಲೆಕ್ಟಿವ್ ತಗೋಬೇಕಾ?

ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ: ಸಿವಿಲ್ ಮುಗಿಸಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂ.ಟೆಕ್‌ಗೆ ಸೇರಿದ್ದೀರಿ, ಮುಂದಿನ ಸೆಮಿಸ್ಟರಿಗೆ ಫೆಸಿಲಿಟಿ ಮ್ಯಾನೇಜ್‌ಮೆಂಟ್ ಅಂತ ಒಂದು ಎಲೆಕ್ಟಿವ್ (ನಾವೇ ಆರಿಸಿಕೊಳ್ಳೋ ಪೇಪರ್) ಇದೆ, ಸೀನಿಯರ್‌ಗಳು 'ಅದು ಬರೀ ಹೌಸ್‌ಕೀಪಿಂಗ್, ಬಿಟ್ಹಾಕು' ಅಂತಿದ್ದಾರೆ. ತಗೊಳ್ಳೋದಾ, ಬಿಡೋದಾ?

ತಗೊಳ್ಳಿ. ನಾನೂ ಇದೇ ಕೋರ್ಸ್ ಓದಿ, ಮೊದಲು ಸೈಟಿನಲ್ಲಿ ಕೆಲಸ ಮಾಡಿ, ಈಗ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್‌ಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೇನೆ. ಎರಡೂ ಕಡೆ ಕಂಡದ್ದನ್ನೇ ಬರೆಯುತ್ತೇನೆ.

ಮೊದಲು ಕಟ್ಟೋ ಕಡೆಯ ಪೇಪರುಗಳು. ಪ್ಲಾನಿಂಗ್, ಶೆಡ್ಯೂಲಿಂಗ್ ಎಲ್ಲ ಕಾಲೇಜಿನಲ್ಲೂ ಇರುತ್ತದೆ. ಯಾವ ಕೆಲಸ ಆದಮೇಲೆ ಯಾವುದು, ಒಟ್ಟು ಎಷ್ಟು ದಿನ ಅಂತ ಲೆಕ್ಕ ಹಾಕೋ ಸಿಪಿಎಂ, ಪರ್ಟ್ ವಿಧಾನಗಳೆರಡೂ 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದವು, ಒಂದು ಡುಪಾಂಟ್ ಕಂಪನಿಯ ಕಾರ್ಖಾನೆ ಕೆಲಸಕ್ಕೆ, ಇನ್ನೊಂದು ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗೆ. ಪರೀಕ್ಷೆಯಲ್ಲಿ ಸುತ್ತು, ಬಾಣ ಹಾಕಿ ಕ್ರಿಟಿಕಲ್ ಪಾತ್ (ತಡವಾದರೆ ಇಡೀ ಪ್ರಾಜೆಕ್ಟನ್ನೇ ತಡಮಾಡೋ ಕೆಲಸಗಳ ಸಾಲು) ತೋರಿಸಿದರೆ ಮಾರ್ಕ್ಸ್ ಬರುತ್ತದೆ. ಆದರೆ ಬಾಣದ ಮೇಲೆ ಬರೆಯೋ ದಿನಗಳು ಎಲ್ಲಿಂದ ಬಂದವು ಅಂತ ಕೇಳಿಕೊಳ್ಳಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 4.5 ಮೀಟರ್‌ವರೆಗಿನ ಸ್ಪ್ಯಾನ್ (ಆಧಾರದಿಂದ ಆಧಾರಕ್ಕೆ ಇರೋ ಅಂತರ) ಇರೋ ಸ್ಲ್ಯಾಬಿಗೆ ಕೊಟ್ಟ ಪ್ರಾಪ್ಸನ್ನು, ಅಂದರೆ ಕೆಳಗಿನ ಆಸರೆ ಕಂಬಗಳನ್ನು, ಸಾಮಾನ್ಯವಾಗಿ 7 ದಿನ ತೆಗೆಯೋ ಹಾಗಿಲ್ಲ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ, 6 ಮೀಟರ್ ದಾಟಿದ ಬೀಮಿಗೆ 21 ದಿನ. ಈ ಕಂಬ, ಹಲಗೆಗಳ ಸೆಂಟ್ರಿಂಗ್ ಸಾಮಾನು ಒಂದೇ ಸೆಟ್ ಇದ್ದರೆ ಮೇಲಿನ ಸ್ಲ್ಯಾಬ್ ಯಾವಾಗ ಅನ್ನೋದು ಅಲ್ಲೇ ತೀರ್ಮಾನ ಆಗಿಹೋಯಿತು. ಕಾಯಬೇಕು, ಇಲ್ಲವೇ ಇನ್ನೊಂದು ಸೆಟ್ ಬಾಡಿಗೆಗೆ ತರಬೇಕು. ಹೀಗೆ ಓದಿದರೆ ಆ ಪೇಪರ್ ತಲೆಗೆ ಹತ್ತುತ್ತದೆ, ಶೆಡ್ಯೂಲ್ ಮಾಡೋ ಪ್ರೈಮವೆರಾ ಸಾಫ್ಟ್‌ವೇರ್ ಆಮೇಲೆ ಕಲಿಯಬಹುದು.

ಎಸ್ಟಿಮೇಷನ್ ಬಿಇಯಲ್ಲೇ ಆಗಿರುತ್ತದೆ, ಮತ್ತೆ ಬಂದರೆ ಬೇಜಾರು ಮಾಡ್ಕೋಬೇಡಿ. ಕಂಬಿಯ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ, 12 ಎಂಎಂ ಕಂಬಿಗೆ ಸುಮಾರು 0.89. ಇಂಥ ಲೆಕ್ಕ ಬಾಯಲ್ಲೇ ಇದ್ದರೆ ಮೇಸ್ತ್ರಿಗಳು ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆ. ಕಾಂಟ್ರಾಕ್ಟ್ ಪೇಪರ್ ಬೋರ್ ಹೊಡೆಸಬಹುದು, ಆದರೂ ಓದಿ.

ಈಗ ಫೆಸಿಲಿಟಿ ವಿಷಯ. ಹೌಸ್‌ಕೀಪಿಂಗ್, ಸೆಕ್ಯುರಿಟಿ ಅದರಲ್ಲಿ ಬರುತ್ತದೆ, ನಿಜ. ಆ ಕೆಲಸ ಕೀಳೂ ಅಲ್ಲ. ಅದರ ಜೊತೆಗೆ ಲಿಫ್ಟ್, ಡಿಜಿ ಸೆಟ್ (ಡೀಸೆಲ್ ಜನರೇಟರ್), ಟ್ರಾನ್ಸ್‌ಫಾರ್ಮರ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಫೈರ್ ಪಂಪ್, ಇವೆಲ್ಲದರ ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ), ಲೈಸೆನ್ಸ್ ರಿನ್ಯೂವಲ್, ಬಜೆಟ್ ಎಲ್ಲ ಬರುತ್ತದೆ. ಮೂರ್ನಾಲ್ಕು ವರ್ಷದಲ್ಲಿ ಕಟ್ಟಿ ಮುಗಿಸಿದ ಕಟ್ಟಡದಲ್ಲಿ ಜನ ಒಂದು ತಲೆಮಾರಿಗಿಂತ ಜಾಸ್ತಿ ಬಾಳುತ್ತಾರೆ, ಅವರು ತಿಂಗಳು ತಿಂಗಳು ಕಟ್ಟೋ ಮೇಂಟೆನೆನ್ಸ್ ದುಡ್ಡು ಎಷ್ಟಾಗುತ್ತದೆ ಅನ್ನೋದರಲ್ಲಿ ದೊಡ್ಡ ಪಾಲು ಡ್ರಾಯಿಂಗ್ ಹಂತದಲ್ಲೇ ತೀರ್ಮಾನ ಆಗಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ನಾನು ನೋಡಿಕೊಳ್ಳೋ ಒಂದು ಕಟ್ಟಡದಲ್ಲಿ ಒಂದು ಮಹಡಿಗೆಲ್ಲ ನೀರು ಕೊಡೋ ಲೈನಿನ ಗೇಟ್ ವಾಲ್ವ್ ಕಾರಿಡಾರಿನ ಫಾಲ್ಸ್ ಸೀಲಿಂಗ್ ಮೇಲಿದೆ. ಸ್ಪಿಂಡಲ್ (ವಾಲ್ವ್ ತಿರುಗಿಸೋ ಕಡ್ಡಿ) ಹತ್ತಿರ ಹನಿ ಹನಿ ಸೋರೋಕೆ ಶುರುವಾಯಿತು. ಪ್ಲಂಬರ್ ಏಣಿ ಹತ್ತಿ, ಜಿಪ್ಸಮ್ ಬೋರ್ಡ್ ಕುಯ್ದು, ಗ್ಲ್ಯಾಂಡ್ ನಟ್ ಸ್ವಲ್ಪ ಬಿಗಿ ಮಾಡಿದರು, ಸೋರೋದು ನಿಂತಿತು. ಆಮೇಲೆ ಬೋರ್ಡ್ ಕೂರಿಸಿ, ಪುಟ್ಟಿ ಹಾಕಿ, ಒಣಗಿಸಿ, ಉಜ್ಜಿ, ಪೇಂಟ್ ಹೊಡೆಯೋದೇ ದೊಡ್ಡ ಕೆಲಸ. ಅಲ್ಲೊಂದು ಟ್ರ್ಯಾಪ್ ಡೋರ್ ಇಟ್ಟಿದ್ದರೆ ಸಾಕಿತ್ತು. ಕಟ್ಟಿದ್ದನ್ನು ಇದ್ದ ಹಾಗೇ ತೋರಿಸಬೇಕಾದ ಆಸ್-ಬಿಲ್ಟ್ ಡ್ರಾಯಿಂಗ್ ತೆಗೆದರೆ ಆ ವಾಲ್ವ್ ಪೈಪುಗಳು ಹೋಗೋ ಶಾಫ್ಟ್ ಒಳಗಿದೆ ಅಂತ ತೋರಿಸುತ್ತದೆ! ಸೈಟಿನಲ್ಲಿ ಜಾಗ ಬದಲಾಯಿಸಿದವರು ಡ್ರಾಯಿಂಗ್ ತಿದ್ದಲಿಲ್ಲ. ಇಂಥದ್ದು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ, ಯಾಕಂದ್ರೆ ತಿದ್ದಬೇಕಿದ್ದವರು ನಿಮ್ಮ ನಮ್ಮಂಥ ಸಿವಿಲ್ ಎಂಜಿನಿಯರುಗಳೇ.

ಬಿಲ್ಡರ್ ಕಡೆ ಕೆಲಸಕ್ಕೆ ಸೇರುತ್ತೇನೆ, ನನಗೆ ಇದು ಯಾಕೆ ಅಂತೀರಾ? 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಓದಿ. ಮನೆ ಕೈಗೆ ಕೊಟ್ಟ 5 ವರ್ಷದೊಳಗೆ ಸ್ಟ್ರಕ್ಚರ್‌ನಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಇದೆ ಅಂತ ತಿಳಿಸಿದರೆ ಬಿಲ್ಡರ್ ಅದನ್ನು 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಕೀ ಕೊಟ್ಟ ದಿನಕ್ಕೆ ನಿಮ್ಮ ಕೆಲಸ ಮುಗಿಯಲ್ಲ.

ಸಿಲಬಸ್ಸಿನಲ್ಲಿ ಲೈಫ್ ಸೈಕಲ್ ಕಾಸ್ಟ್ (ಕೊಳ್ಳೋ ಬೆಲೆ ಜೊತೆ ಬಾಳಿಕೆ ಪೂರ್ತಿ ಓಡಿಸೋ ಖರ್ಚು) ಅಂತ ಒಂದು ಪಾಠ ಬರುತ್ತದೆ, ಅದನ್ನ ಮಾತ್ರ ಸುಮ್ನೆ ಬಾಯಿಪಾಠ ಮಾಡಬೇಡಿ. 5 ಎಚ್‌ಪಿ ಪಂಪ್ ಅಂದರೆ ಸುಮಾರು 3.7 ಕಿಲೋವ್ಯಾಟ್. ದಿನಕ್ಕೆ 8 ಗಂಟೆ ಪೂರ್ತಿ ಲೋಡಿನಲ್ಲಿ ಓಡಿದರೆ 30 ಯೂನಿಟ್ ಆಸುಪಾಸು, ವರ್ಷಕ್ಕೆ 10,000 ಯೂನಿಟ್ ದಾಟುತ್ತದೆ. ಯೂನಿಟ್ಟಿಗೆ 8 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 80,000 ರೂಪಾಯಿ ಮೇಲೆ. ಈಗ ಎರಡು ಪಂಪಿನ ಕೊಟೇಶನ್ ಇಟ್ಕೊಂಡು, ಬೆಲೆ ಕಡಿಮೆ ಇರೋದು ನೂರಕ್ಕೆ ಐದರಷ್ಟು ಜಾಸ್ತಿ ಕರೆಂಟ್ ಎಳೆದರೆ 10 ವರ್ಷಕ್ಕೆ ಯಾವುದು ಅಗ್ಗ ಅಂತ ನೀವೇ ಲೆಕ್ಕ ಹಾಕಿ ನೋಡಿ.

ಮಿನಿ ಪ್ರಾಜೆಕ್ಟ್ ಕೊಟ್ಟರೆ ನೆಟ್‌ನಿಂದ ಇಳಿಸಬೇಡಿ. ನಿಮ್ಮ ಹಾಸ್ಟೆಲ್ ಕಟ್ಟಡವನ್ನೇ ತಗೊಳ್ಳಿ. ವಾರ್ಡನ್ ಹತ್ತಿರ ಪರ್ಮಿಷನ್ ಕೇಳಿ, ಅಲ್ಲಿನ ಎಲೆಕ್ಟ್ರಿಷಿಯನ್ ಅಣ್ಣನ ಜೊತೆ ಒಂದು ದಿನ ಓಡಾಡಿ. ಪ್ರತಿ ಪಂಪ್, ಪ್ಯಾನೆಲ್, ವಾಲ್ವ್, ಟ್ಯಾಂಕ್ ಎಲ್ಲಿದೆ, ನೇಮ್ ಪ್ಲೇಟ್ ಮೇಲೆ ಏನಿದೆ, ಕೊನೇ ಸಲ ಸರ್ವಿಸ್ ಆಗಿದ್ದು ಯಾವಾಗ ಅಂತ ಎಕ್ಸೆಲ್‌ನಲ್ಲಿ ತುಂಬಿ. ಅದೇ ಅಸೆಟ್ ರಿಜಿಸ್ಟರ್. ಕೆಲಸಕ್ಕೆ ಸೇರಿದ ಮೊದಲ ವಾರ ನಿಮ್ಮ ಕೈಗೆ ಕೊಡೋದೂ ಬಹುಶಃ ಅದನ್ನೇ.

ಸೇರೋ ಮುಂಚೆ ಸಿಲಬಸ್ ಒಮ್ಮೆ ತೆರೆದು ನೋಡಿ. ಬಿಲ್ಡಿಂಗ್ ಸರ್ವಿಸಸ್ (ಕಟ್ಟಡದ ನೀರು, ಕರೆಂಟ್, ಲಿಫ್ಟ್ ವ್ಯವಸ್ಥೆ) ಅಂತ ಒಂದು ಪಾಠ ಇದ್ದರೆ ಯೋಚನೆ ಮಾಡೋದೇ ಬೇಡ. ಇಲ್ಲದಿದ್ದರೂ ತಗೊಳ್ಳಿ, ಎಲೆಕ್ಟ್ರಿಕಲ್ ಮತ್ತು ಪ್ಲಂಬಿಂಗ್ ಡ್ರಾಯಿಂಗ್ ಓದೋದನ್ನ ಮಾತ್ರ ಪಕ್ಕದಲ್ಲಿ ನೀವೇ ಕಲಿಯಬೇಕಾಗುತ್ತದೆ.