ಬಿಪಿ ಮಾತ್ರೆ ತಗೊಳ್ಳೋರಿಗೆ ಅಮೆರಿಕದಲ್ಲಿ ರಿಯಾಕ್ಟರ್ ಆಪರೇಟರ್ ಲೈಸೆನ್ಸ್ ಸಿಗುತ್ತಾ?

ನೀವು ಕೇಳಿರೋದು ಇಷ್ಟು: ಅಮೆರಿಕದಲ್ಲಿ ಎಂ.ಎಸ್. ಮುಗಿಯುತ್ತಾ ಬಂದಿದೆ, ಅಣು ವಿದ್ಯುತ್ ಸ್ಥಾವರದಲ್ಲಿ ಆಪರೇಟರ್ ಆಗುವ ಆಸೆ. ದಪ್ಪ ಕನ್ನಡಕ ಇದೆ, ಹೋದ ವರ್ಷದಿಂದ ಬಿಪಿ ಮಾತ್ರೆ ಶುರುವಾಗಿದೆ, ಕೆಂಪು-ಹಸಿರು ಬಣ್ಣ ಗುರುತಿಸೋದರಲ್ಲಿ ಸ್ವಲ್ಪ ತೊಂದರೆ. ಪೈಲಟ್‌ಗಳಿಗೆ ಮಾಡುವಂಥ ಮೆಡಿಕಲ್ ಇಲ್ಲೂ ಇರುತ್ತಾ, ಬಿಪಿ ವಿಷಯ ಬಾಯಿ ಬಿಡದಿದ್ದರೆ ನಡೆಯುತ್ತಾ?

ಮೊದಲು ನೇರ ಉತ್ತರ. ಕನ್ನಡಕ ಲೆಕ್ಕಕ್ಕೇ ಇಲ್ಲ. ಬಿಪಿ ಮಾತ್ರೆಯಲ್ಲಿ ಹತೋಟಿಗೆ ಬಂದಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಣ್ಣದ ವಿಷಯ ಸ್ವಲ್ಪ ತಲೆಕೆಡಿಸಿಕೊಳ್ಳಬೇಕಾದದ್ದು. ಮುಚ್ಚಿಡುವ ಯೋಚನೆ ಮಾತ್ರ ಇವತ್ತೇ ಬಿಟ್ಟುಬಿಡಿ. ಬಿಪಿಯಿಂದ ಹೋಗದ ಲೈಸೆನ್ಸ್ ಮುಚ್ಚಿಟ್ಟಿದ್ದರಿಂದ ಹೋಗಬಹುದು.

ನಾನು ಇಲ್ಲಿನ ಒಂದು ಸ್ಥಾವರದಲ್ಲಿ ಸೀನಿಯರ್ ರಿಯಾಕ್ಟರ್ ಆಪರೇಟರ್. ನನ್ನ ಲೈಸೆನ್ಸ್‌ನಲ್ಲೂ ಎರಡು ಷರತ್ತುಗಳಿವೆ: ಡ್ಯೂಟಿಯಲ್ಲಿ ಕನ್ನಡಕ ಹಾಕಿರಬೇಕು, ಡಾಕ್ಟರ್ ಬರೆದ ಮಾತ್ರೆಯನ್ನು ಬರೆದಂತೆ ತಗೊಳ್ಳಬೇಕು. ಯಾರೂ ಇದನ್ನು ಅವಮಾನ ಅಂತ ನೋಡುವುದಿಲ್ಲ. ನಲವತ್ತು ದಾಟಿದವರು ತುಂಬಿರುವ ಕಂಟ್ರೋಲ್ ರೂಮ್‌ನಲ್ಲಿ ಷರತ್ತಿಲ್ಲದ ಲೈಸೆನ್ಸೇ ಅಪರೂಪ.

ಲೈಸೆನ್ಸ್ ಕೊಡುವುದು ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್, ಅಂದರೆ ಎನ್‌ಆರ್‌ಸಿ. ಫೆಡರಲ್ ನಿಯಮಾವಳಿಯ 10ನೇ ವಿಭಾಗದ 55ನೇ ಭಾಗ ಪೂರ್ತಿ ಆಪರೇಟರ್‌ಗಳಿಗೇ ಮೀಸಲು. ಅದರಲ್ಲಿ ಆರೋಗ್ಯದ ಬಗ್ಗೆ ಇರುವ ಮಾತು ತೀರಾ ಚಿಕ್ಕದು: ಇವರ ಆರೋಗ್ಯದಿಂದ ಕೆಲಸ ಕೆಡಬಾರದು, ಜನರ ಸುರಕ್ಷತೆಗೆ ಕುತ್ತು ತರುವ ತಪ್ಪು ಆಗಬಾರದು. ಬಿಪಿ ಎಷ್ಟಿರಬೇಕು, ಕಣ್ಣು ಹೇಗಿರಬೇಕು ಅನ್ನೋದೆಲ್ಲ ಅಲ್ಲಿಲ್ಲ. ಅದಕ್ಕೆ ಅಮೆರಿಕನ್ ನ್ಯೂಕ್ಲಿಯರ್ ಸೊಸೈಟಿಯ ಎಎನ್‌ಎಸ್-3.4 ಅನ್ನುವ ಮಾನದಂಡ ಇದೆ. ಡಾಕ್ಟರ್ ಅದನ್ನು ಎದುರಿಗಿಟ್ಟುಕೊಂಡು ನೋಡುತ್ತಾರೆ.

ಅದನ್ನು ಓದಿದರೆ ಅವರ ಭಯ ಎರಡೇ ಅಂತ ಗೊತ್ತಾಗುತ್ತದೆ. ಒಂದು, ಕೂತಲ್ಲೇ ಇದ್ದಕ್ಕಿದ್ದಂತೆ ಕುಸಿದು ಬೀಳುವುದು: ಫಿಟ್ಸ್, ಹಾರ್ಟ್ ಅಟ್ಯಾಕ್, ಶುಗರ್ ಸರ್ರನೆ ಇಳಿಯುವುದು. ಇನ್ನೊಂದು, ಪ್ಯಾನೆಲ್ ಏನು ಹೇಳುತ್ತಿದೆ ಅನ್ನುವುದು ಕಣ್ಣಿಗೆ, ಕಿವಿಗೆ, ಕೈಗೆ ತಿಳಿಯದೇ ಹೋಗುವುದು. ನೀವು ಎಷ್ಟು ಕಿಲೋಮೀಟರ್ ಓಡುತ್ತೀರಿ, ಹೊಟ್ಟೆ ಎಷ್ಟು ಬಂದಿದೆ ಅನ್ನೋದಕ್ಕೆ ಅಷ್ಟಾಗಿ ತಲೆಕೆಡಿಸಿಕೊಳ್ಳಲ್ಲ.

ರಕ್ತ, ಮೂತ್ರ, ಇಸಿಜಿ ಎಲ್ಲ ಮಾಮೂಲಿ. ಮಜಾ ಇರೋದು ಆಮೇಲೆ. ನಮ್ಮ ಕ್ಲಿನಿಕ್‌ನಲ್ಲಿ ಒಂದು ಬಟ್ಟೆ ಚೀಲ ಇದೆ. ಅದರೊಳಗೆ ಕೈ ಹಾಕಿಸಿ, ಸಿಕ್ಕಿದ್ದು ಏನು ಹೇಳಿ ಅಂತಾರೆ. ಕೀ, ನಾಣ್ಯ, ನಟ್ಟು, ಹೀಗೇ ಏನೋ ಒಂದು. ಮೊದಲ ಸಲ ಬಂದವರು ನಗುತ್ತಾರೆ. ಕಾರಣ ಮಾತ್ರ ಗಟ್ಟಿ: ಪ್ಯಾನೆಲ್ ಮೇಲಿನ ಹಿಡಿಗಳ ಆಕಾರ ಬೇರೆ ಬೇರೆ ಇರುತ್ತದೆ. ಕಣ್ಣು ಮೀಟರ್ ಮೇಲೆ ನೆಟ್ಟಿರುವಾಗ, ಹಿಡಿದಿರೋದು ಯಾವುದು ಅಂತ ಬೆರಳಿಗೇ ಗೊತ್ತಾಗಬೇಕು.

ಮೂಗಿಗೂ ಪರೀಕ್ಷೆ ಇದೆ. ಏನಾದರೂ ಸುಡುತ್ತಿದ್ದರೆ ಆ ವಾಸನೆ, ಮತ್ತೆ ಗ್ಯಾಸ್ ಸೋರಿದ್ದು ಗೊತ್ತಾಗಲಿ ಅಂತ ಅಡುಗೆ ಗ್ಯಾಸ್‌ಗೆ ಬೆರೆಸಿರುತ್ತಾರಲ್ಲ, ಅಂಥ ವಾಸನೆ ಗೊತ್ತಾಗಬೇಕು. ಕೋವಿಡ್ ಬಂದು ಹೋದ ಮೇಲೆ ವಾಸನೆ ಶಕ್ತಿ ವಾಪಸ್ ಬರದೇ ಇದ್ದರೆ ಅದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕಿವಿಗೆ 500, 1000, 2000 ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ಎರಡರಲ್ಲಿ ಚೆನ್ನಾಗಿ ಕೇಳುವ ಕಿವಿಯಲ್ಲಿ ಸರಾಸರಿ 30 ಡೆಸಿಬೆಲ್‌ಗಿಂತ ಕಮ್ಮಿ ಸದ್ದು ಕೇಳಿಸಬೇಕು.

ಕಣ್ಣಿಗೆ ಬೇಕಾದ್ದು 20/40, ನಮ್ಮೂರ ಚಾರ್ಟಿನ ಲೆಕ್ಕದಲ್ಲಿ 6/12. ಹತ್ತಿರಕ್ಕೂ ದೂರಕ್ಕೂ, ಕನ್ನಡಕ ಹಾಕಿಕೊಂಡೇ. ಹಾಗಾಗಿ ನಿಮ್ಮ ನಂಬರ್ ಎಷ್ಟಿದ್ದರೂ ಕನ್ನಡಕದಲ್ಲಿ ಅಷ್ಟು ಕಂಡರೆ ಸಾಕು. ಅಕ್ಕಪಕ್ಕದ ನೋಟ 120 ಡಿಗ್ರಿ ಇರಬೇಕು.

ಕನ್ನಡಕದ ನಿಜವಾದ ಫಜೀತಿ ಇರೋದು ಇನ್ನೊಂದು ಕಡೆ. ಬೆಂಕಿ, ಹೊಗೆ, ವಿಷಗಾಳಿ ಬಂದಾಗ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಪೂರ್ತಿ ಮುಖ ಮುಚ್ಚುವ ಮಾಸ್ಕ್ ಹಾಕಬೇಕಾಗುತ್ತದೆ. ಕನ್ನಡಕದ ಕಡ್ಡಿ ನಡುವೆ ಬಂದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ಗಾಳಿ ಸೋರುತ್ತದೆ. ಅದಕ್ಕೇ ಮಾಸ್ಕ್ ಒಳಗೆ ಕೂರುವ, ಕಡ್ಡಿ ಇಲ್ಲದ ಬೇರೆ ಲೆನ್ಸ್ ಮಾಡಿಸಿಕೊಡುತ್ತಾರೆ. ಶಿಫ್ಟ್‌ಗೆ ಬಂದಾಗ ಅದು ಕೈಗೆ ಸಿಗುವ ಜಾಗದಲ್ಲಿ ಇರಲೇಬೇಕು. ಗಡ್ಡಕ್ಕೂ ಇದೇ ಕಾರಣಕ್ಕೆ ಅವಕಾಶ ಇಲ್ಲ. ನಾನು ರಜೆಗೆ ಊರಿಗೆ ಬಂದಾಗ ಮಾತ್ರ ಗಡ್ಡ ಬಿಡೋದು.

ಇನ್ನು ನಿಮ್ಮ ಬಿಪಿ. ಹತೋಟಿಯಲ್ಲಿದೆಯಾ, ಮಾತ್ರೆಯಿಂದ ತಲೆಸುತ್ತು, ಮಂಪರು ಬರುತ್ತಾ ಅಂತ ಡಾಕ್ಟರ್ ನೋಡುತ್ತಾರೆ. ಎಲ್ಲ ಸರಿ ಇದ್ದರೆ ನನ್ನ ಹಾಗೆ ಮಾತ್ರೆಯ ಷರತ್ತು ಬೀಳಬಹುದು, ಅಷ್ಟೇ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ರಾತ್ರಿ ಮೆಷಿನ್ ಹಾಕಿಕೊಂಡು ಮಲಗುವವರಿಗೂ ಹೀಗೇ, ಆ ಮೆಷಿನ್ ಬಳಸಲೇಬೇಕು ಅಂತ ಷರತ್ತು. ಸ್ವಲ್ಪ ಗಂಭೀರ ಅನ್ನಿಸಿದರೆ 'ನೋ ಸೋಲೋ' ಅನ್ನುವ ಷರತ್ತು ಬರುತ್ತದೆ. ಅಂದರೆ ಕಂಟ್ರೋಲ್ ಮುಂದೆ ನೀವು ಒಬ್ಬರೇ ಇರೋ ಹಾಗಿಲ್ಲ. ನಿಮಗೇನಾದರೂ ಆದರೆ ತಕ್ಷಣ ಸಹಾಯಕ್ಕೆ ಕರೆಯುವವರೊಬ್ಬರು ಹತ್ತಿರ ಇರಬೇಕು. ಇದು ಮಾತ್ರ ಶಿಫ್ಟ್ ಪಟ್ಟಿ ಹಾಕುವವರಿಗೆ ತಲೆನೋವು, ರಾತ್ರಿ ಪಾಳಿಯಲ್ಲಂತೂ ಜಾಸ್ತಿ.

ಮುಚ್ಚಿಡೋದು ಯಾಕೆ ಬೇಡ ಅಂದೆ ಅಂದರೆ, ಇಲ್ಲಿ ಫಾರ್ಮ್ ಹೋಗೋದು ನಿಮ್ಮ ಹೆಸರಿನಲ್ಲಿ ಮಾತ್ರ ಅಲ್ಲ. ಡಾಕ್ಟರ್ ನೋಡಿದ ಮೇಲೆ, ಇವರು ಫಿಟ್ ಅಂತ ಸ್ಥಾವರದ ಮೇಲಧಿಕಾರಿಯೇ ಸಹಿ ಹಾಕಿ ಎನ್‌ಆರ್‌ಸಿಗೆ ಕಳಿಸುತ್ತಾರೆ. ಅದು ಫಾರ್ಮ್ 396. ನೀವು ಸುಳ್ಳು ಹೇಳಿದರೆ ಅವರ ಸಹಿಯೂ ಸುಳ್ಳಾಗುತ್ತದೆ. ಪೂರ್ತಿ ಮತ್ತು ನಿಜವಾದ ಮಾಹಿತಿ ಕೊಡಬೇಕು ಅಂತ 55ನೇ ಭಾಗದಲ್ಲೇ ಬೇರೆ ಕಲಮು ಇದೆ. ಮಾತ್ರೆ ಅಂಗಡಿಯ ಬಿಲ್, ಇನ್ಶೂರೆನ್ಸ್ ಕ್ಲೇಮ್, ಯಾವುದರಿಂದಾದರೂ ವಿಷಯ ಹೊರಗೆ ಬಂದೇ ಬರುತ್ತದೆ. ಆಗ ಯಾರೂ ಬಿಪಿ ಬಗ್ಗೆ ಮಾತಾಡಲ್ಲ, ನಿಮ್ಮನ್ನು ನಂಬಬಹುದಾ ಅಂತ ಮಾತಾಡುತ್ತಾರೆ. ಈ ಕೆಲಸದಲ್ಲಿ ಆ ಪ್ರಶ್ನೆ ಎದ್ದರೆ ಕಥೆ ಮುಗಿದಂತೆ.

ಲೈಸೆನ್ಸ್ ಕೈಗೆ ಬಂದ ಮೇಲೂ ಇದು ಮುಗಿಯಲ್ಲ. ಅವಧಿ 6 ವರ್ಷ, ಆದರೆ ಮೆಡಿಕಲ್ 2 ವರ್ಷಕ್ಕೊಮ್ಮೆ. ನಡುವೆ ಶಾಶ್ವತ ತೊಂದರೆ ಏನಾದರೂ ಬಂದು ನೀವು ಮಾನದಂಡಕ್ಕಿಂತ ಕೆಳಗಿಳಿದರೆ, ಅದು ತಿಳಿದ 30 ದಿನದೊಳಗೆ ಸ್ಥಾವರ ಎನ್‌ಆರ್‌ಸಿಗೆ ತಿಳಿಸಬೇಕು. ಕಾಲು ಮುರಿದು ಪ್ಲಾಸ್ಟರ್ ಹಾಕಿದರೆ ಅದು ಶಾಶ್ವತ ಅಲ್ಲ, ವಾಸಿಯಾಗುವವರೆಗೆ ನಿಮ್ಮನ್ನು ಶಿಫ್ಟ್‌ನಿಂದ ಇಳಿಸುತ್ತಾರೆ, ಅಷ್ಟೇ. ಮೆಡಿಕಲ್ ತಪ್ಪಿಹೋಗುವುದು, ಬದಲಾವಣೆ ತಿಳಿಸದೇ ಇರುವುದು ಎಷ್ಟು ನಡೆಯುತ್ತಿತ್ತು ಅಂದರೆ, 1994ರಲ್ಲಿ ಎನ್‌ಆರ್‌ಸಿ ಇದರ ಬಗ್ಗೆಯೇ ಸ್ಥಾವರಗಳಿಗೆ ಒಂದು ಮಾಹಿತಿ ಸೂಚನೆ ಕಳಿಸಿತ್ತು. ಆದ್ದರಿಂದ ಹೊಸ ಮಾತ್ರೆ ಶುರುವಾದರೆ ಮೊದಲ ಫೋನ್ ಕ್ಲಿನಿಕ್‌ಗೆ. ನೆಗಡಿಗೆ ತಗೊಳ್ಳುವ ಮಂಪರು ತರುವ ಮಾತ್ರೆಗೂ ನಾನು ಕೇಳಿಯೇ ತಗೊಳ್ಳೋದು.

ಇದರ ಜೊತೆ ಬೇರೆಯೇ ಒಂದು ನಿಯಮ ಇದೆ, 26ನೇ ಭಾಗ. ಮೆಡಿಕಲ್‌ಗೂ ಅದಕ್ಕೂ ಬೆರೆಸಿಕೊಳ್ಳಬೇಡಿ. ಡ್ಯೂಟಿಗೆ ಬರುವ 5 ಗಂಟೆ ಮೊದಲಿಂದ ಕುಡಿಯುವಂತಿಲ್ಲ. ಯಾವಾಗ ಬೇಕಾದರೂ ಕರೆದು ಮೂತ್ರ, ಉಸಿರು ಪರೀಕ್ಷೆ ಮಾಡುತ್ತಾರೆ. ಗಾಂಜಾ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧ ಇರಬಹುದು, ಸ್ಥಾವರದ ಗೇಟ್ ಒಳಗೆ ಆ ವಾದ ನಡೆಯಲ್ಲ. ದಣಿವಿಗೂ ಮಿತಿ ಇದೆ: 24 ಗಂಟೆಯಲ್ಲಿ 16, 7 ದಿನದಲ್ಲಿ 72 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ.

ಕೈಗಾದಲ್ಲೂ ಹೀಗೇನಾ ಅಂತ ಮುಂದಿನ ಪ್ರಶ್ನೆ ಬರುತ್ತೆ ಅಂತ ಗೊತ್ತು. ಅಲ್ಲಿ ನಿಯಂತ್ರಣ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದ್ದು, ಕಾಗದಪತ್ರವೇ ಬೇರೆ. ಇಲ್ಲಿನ ಅಂಕಿಗಳನ್ನು ಅಲ್ಲಿಗೆ ಹಚ್ಚಬೇಡಿ.

ಉಳಿದಿದ್ದು ಬಣ್ಣ. ಕೆಂಪು, ಹಸಿರು, ಕಿತ್ತಳೆ ದೀಪಗಳನ್ನು ಬೇರೆ ಮಾಡಿ ಗುರುತಿಸಬೇಕು ಅನ್ನೋದು ಮಾನದಂಡ. ಪಂಪ್ ಓಡುತ್ತಿದೆಯಾ, ವಾಲ್ವ್ ತೆರೆದಿದೆಯಾ ಅಂತ ಹೇಳೋದು ಆ ದೀಪಗಳೇ ತಾನೆ. ಚುಕ್ಕಿಗಳ ನಡುವೆ ಅಂಕಿ ಹುಡುಕುವ ಇಶಿಹಾರಾ ಪುಸ್ತಕದಲ್ಲಿ ಫೇಲ್ ಆದಿರಿ ಅಂದ ಮಾತ್ರಕ್ಕೆ ಎಲ್ಲ ಮುಗಿಯಲ್ಲ. ಸಿಮ್ಯುಲೇಟರ್‌ನಲ್ಲೋ ಕಂಟ್ರೋಲ್ ರೂಮ್‌ನಲ್ಲೋ ನಿಜವಾದ ದೀಪ ತೋರಿಸಿ ಪ್ರಾಯೋಗಿಕ ಪರೀಕ್ಷೆ ಮಾಡಲು ಅವಕಾಶ ಇದೆ. ಸ್ವಲ್ಪ ಗೊಂದಲ ಇರುವವರಿಗೆ ಅದು ದಾರಿ ತೋರಿಸಬಹುದು, ಎರಡೂ ಬಣ್ಣ ಒಂದೇ ಥರ ಕಾಣುವವರಿಗೆ ಕಷ್ಟ. ನೀವು ಯಾವ ಗುಂಪು ಅಂತ ಈಗಲೇ ಒಬ್ಬ ಕಣ್ಣಿನ ಡಾಕ್ಟರ್ ಹತ್ತಿರ ನೋಡಿಸಿ, ವರದಿ ಇಟ್ಟುಕೊಳ್ಳಿ. ಲೈಸೆನ್ಸ್ ಕ್ಲಾಸ್ ಅಂದರೆ ಒಂದೂವರೆ ಎರಡು ವರ್ಷದ ಓದು. ಆಫರ್ ಬಂದ ತಕ್ಷಣ, ಕ್ಲಾಸ್ ಶುರುವಾಗುವ ಮೊದಲೇ ಮೆಡಿಕಲ್ ಮತ್ತು ದೀಪದ ಪರೀಕ್ಷೆ ಎರಡನ್ನೂ ಮಾಡಿಸಿಕೊಡಿ ಅಂತ ಬರವಣಿಗೆಯಲ್ಲಿ ಕೇಳಿ. ಬಿಪಿಯ ಆರು ತಿಂಗಳ ರೀಡಿಂಗ್ ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ.