ಚಿತ್ರ ಬರೆಯಲು ಬಾರದವರಿಗೂ ಕಲಾ ಚಿಕಿತ್ಸೆಯೇ?

ಪ್ರಶ್ನೆ: ತಂದೆಯವರು ತೀರಿಕೊಂಡು ಎಂಟು ತಿಂಗಳಾಯಿತು. ತಾಯಿ ಮಾತು ಕಡಿಮೆ ಮಾಡಿದ್ದಾರೆ, ನಿದ್ದೆಯೂ ಇಲ್ಲ. ಕಲಾ ಚಿಕಿತ್ಸೆ ಕೊಡಿಸಬಹುದೇ? ಅವರಿಗೆ ಚಿತ್ರ ಬರೆಯಲು ಬಾರದು.
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಕೊಡಿಸಬಹುದು. ರಂಗೋಲಿ ಹಾಕಿ, ಕೌದಿ ಹೊಲಿದ ಕೈಗಳಿಗೆ ಗೆರೆ, ಬಣ್ಣಗಳೇನೂ ಹೊಸತಲ್ಲ. ಈ ಚಿಕಿತ್ಸೆಯಲ್ಲಿ ಚಿತ್ರದ ಅಂದವನ್ನು ಯಾರೂ ಅಳೆಯುವುದಿಲ್ಲ. ಮಾತಿಗೆ ನಿಲುಕದ ದುಃಖವನ್ನು ಕಾಗದದ ಮೇಲೋ ಜೇಡಿಮಣ್ಣಿನಲ್ಲೋ ಹೊರಗಿಟ್ಟು, ತರಬೇತಿ ಪಡೆದ ಚಿಕಿತ್ಸಕರೊಂದಿಗೆ ಅದನ್ನು ನಿಧಾನವಾಗಿ ನೋಡುವುದೇ ಇಲ್ಲಿ ಮುಖ್ಯ. ಆದ್ದರಿಂದ, ತಾಯಿಯವರು ಕಪ್ಪು ಬಣ್ಣ ಬಳಿದರೆಂದು ಮನೆಯವರು ಅರ್ಥ ಕಟ್ಟಬಾರದು. ಇದು ವೈದ್ಯಕೀಯ ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ. ನಿದ್ದೆಗೆಟ್ಟಿರುವುದರಿಂದ ಮೊದಲು ಮನೋವೈದ್ಯರಿಗೆ ತೋರಿಸಿರಿ. ತಾಯಿಯವರು ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.